ಬಿಡಿಭಾಗ ಕಳೆದ ಹಳೇ ಗೇರ್ ಲಿವರ್: ಸೈಕಲ್ಲಿಗೆ ಮತ್ತೆ ಗೇರ್ ಬರುವುದು ಹೇಗೆ?

"ಪಾರ್ಟ್ ಸಿಗೂದಿಲ್ರೀ. ಗೇರ್ ತಗದು ಸಿಂಗಲ್ ಮಾಡಿಸಿಬಿಡ್ರಿ." ಹಳೇ ಗೇರ್ ಸೈಕಲ್ ತಳ್ಳಿಕೊಂಡು ಹುಬ್ಬಳ್ಳಿಯಲ್ಲೋ ಗದಗಿನಲ್ಲೋ ಅಂಗಡಿಗೆ ಹೋದವರು ಕೇಳಿಸಿಕೊಳ್ಳುವ ಮಾತು ಇದು. ಹೇಳುವವರ ತಪ್ಪಲ್ಲ. ದಿನವಿಡೀ ಪಂಕ್ಚರ್, ಬ್ರೇಕ್, ಚೈನಿನ ಕೆಲಸ ಇರುವವರಿಗೆ ಮೂವತ್ತು ವರ್ಷ ಹಳೆಯ ಲಿವರ್ ಬಿಚ್ಚಿಕೊಂಡು ಕೂರಲು ಪುರುಸೊತ್ತು ಎಲ್ಲಿಂದ ಬರಬೇಕು? ಅದರ ಬಿಡಿಭಾಗ ಅಂಗಡಿಗೆ ಬರುವುದೂ ಎಂದೋ ನಿಂತುಹೋಗಿದೆ.

2020ರ ಲಾಕ್‌ಡೌನ್ ಆದಮೇಲೆ ಬೆಳಿಗ್ಗೆ ಸೈಕಲ್ ಹೊಡೆಯುವವರು ನಮ್ಮ ಕಡೆ ಹೆಚ್ಚಿದ್ದಾರೆ. ಹೊಸ ಗೇರ್ ಸೈಕಲ್ಲಿನ ಬೆಲೆ ಕೇಳಿ ಸುಮ್ನೆ ವಾಪಸ್ ಬಂದವರಿಗೆ ಅಟ್ಟದ ಮೇಲಿರುವ ಹಳೇದು ನೆನಪಾಗುತ್ತದೆ. ಇಳಿಸಿ ನೋಡಿದರೆ ಫ್ರೇಮ್ ಗಟ್ಟಿ ಇದೆ, ಚಕ್ರ ತಿರುಗುತ್ತದೆ. ಗೇರ್ ಲಿವರ್ ಮಾತ್ರ ಲಡಲಡ ಅನ್ನುತ್ತದೆ, ಇಲ್ಲವೇ ಅದರ ಅರ್ಧ ಭಾಗ ಮಾಯವಾಗಿದೆ. ಗೇರ್ ತೆಗೆಸಿಬಿಟ್ಟರೂ ಸೈಕಲ್ ಓಡುತ್ತದೆ ನಿಜ. ಆದರೆ ಹುಬ್ಬಳ್ಳಿಗಿಂತ ಎತ್ತರದಲ್ಲಿರುವ ಧಾರವಾಡಕ್ಕೆ ಹತ್ತುವಾಗ, ಗದಗಿನ ಗಾಳಿಯಂತ್ರಗಳ ಬಯಲಿನಲ್ಲಿ ಎದುರುಗಾಳಿ ಬೀಸುವಾಗ ಒಂದೇ ಗೇರಿನ ಕಷ್ಟ ಗೊತ್ತಾಗುತ್ತದೆ.

ಲಿವರ್ ಸರಿಯಾಗಲು ಕಳೆದುಹೋದ ಪಾರ್ಟೇ ಸಿಗಬೇಕು ಅಂತೇನಿಲ್ಲ. ಆ ಪಾರ್ಟು ಮಾಡುತ್ತಿದ್ದ ಕೆಲಸ ಏನು ಅಂತ ತಿಳಿದರೆ ಸಾಕು. ಅದೇ ಕೆಲಸ ಮಾಡುವ ಇನ್ನೊಂದು ವಸ್ತು ಬಹಳ ಸಲ ಊರಲ್ಲೇ ಸಿಗುತ್ತದೆ, ಇಲ್ಲವೇ ಮಾಡಿಸಬಹುದು. ಹೀಗೆ ಮಾಡಿಸಲು ಆಗದ ಭಾಗವೂ ಒಂದಿದೆ, ಅದಕ್ಕೆ ದಾರಿ ಬೇರೆ. ಮೊದಲಿಂದ ನೋಡೋಣ.

## ಲಿವರ್ ಒತ್ತಿದಾಗ ಏನಾಗುತ್ತದೆ?

ಹಿಂದಿನ ಚಕ್ರದ ಬಲಗಡೆ ಚಿಕ್ಕದರಿಂದ ದೊಡ್ಡದರವರೆಗೆ ಹಲ್ಲಿನ ಚಕ್ರಗಳನ್ನು ಪಕ್ಕಪಕ್ಕದಲ್ಲಿ ಜೋಡಿಸಿರುತ್ತಾರೆ. ಹಳೇ ಸೈಕಲ್ಲಿನಲ್ಲಿ ಐದು, ಆರು ಅಥವಾ ಏಳು ಇರುತ್ತವೆ. ಈ ಜೋಡಣೆಗೆ ಫ್ರೀವೀಲ್ ಅನ್ನುತ್ತಾರೆ. ಚೈನು ದೊಡ್ಡ ಚಕ್ರದ ಮೇಲಿದ್ದರೆ ಪೆಡಲ್ ಹಗುರ, ವೇಗ ಕಡಿಮೆ. ಚಿಕ್ಕದರ ಮೇಲಿದ್ದರೆ ಪೆಡಲ್ ಭಾರ, ವೇಗ ಜಾಸ್ತಿ. ಚೈನನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುವುದು ಡಿರೇಲರ್. ಫ್ರೀವೀಲಿನ ಕೆಳಗೆ ಎರಡು ಪುಟ್ಟ ಗಾಲಿ ಇಟ್ಟುಕೊಂಡು ಜೋತುಬಿದ್ದಿರುತ್ತದಲ್ಲ, ಅದೇ.

ಡಿರೇಲರ್ ಒಳಗೊಂದು ಸ್ಪ್ರಿಂಗ್ ಇದೆ. ಅದು ಯಾವಾಗಲೂ ಚೈನನ್ನು ಚಿಕ್ಕ ಚಕ್ರದ ಕಡೆಗೆ ಎಳೆಯುತ್ತಿರುತ್ತದೆ. ಲಿವರಿನಿಂದ ಬರುವ ಕೇಬಲ್ ಅದನ್ನು ದೊಡ್ಡ ಚಕ್ರದ ಕಡೆಗೆ ಎಳೆಯುತ್ತದೆ. ಕೇಬಲ್ ಕಿತ್ತುಹೋದರೆ ಸೈಕಲ್ ತಾನಾಗಿ ಭಾರದ ಗೇರಿಗೆ ಬಂದು ನಿಲ್ಲುವುದು ಇದಕ್ಕೇ. ಸ್ಪ್ರಿಂಗ್ ಉಲ್ಟಾ ದಿಕ್ಕಿಗೆ ಎಳೆಯುವ ಡಿರೇಲರ್‌ಗಳೂ ಇವೆ, ಆದರೆ ಅಪರೂಪ.

ಈ ಜಗ್ಗಾಟದ ಇನ್ನೊಂದು ತುದಿಯಲ್ಲಿ ಶಿಫ್ಟರ್ ಇದೆ, ಅಂದರೆ ನಾವು ಗೇರ್ ಲಿವರ್ ಅನ್ನುವುದು. ಅದಕ್ಕೆ ಮೂರು ಕೆಲಸ. ಕೇಬಲ್ ಎಳೆಯುವುದು ಮೊದಲನೆಯದು. ಎಳೆದಲ್ಲೇ ಹಿಡಿದುಕೊಂಡು ನಿಲ್ಲುವುದು ಎರಡನೆಯದು, ಇಲ್ಲದಿದ್ದರೆ ಡಿರೇಲರ್ ಸ್ಪ್ರಿಂಗ್ ಕೇಬಲನ್ನು ವಾಪಸ್ ಜಗ್ಗಿಕೊಳ್ಳುತ್ತದೆ. ಒಂದು ಗೇರಿಗೆ ಎಷ್ಟು ಎಳೆಯಬೇಕು ಅಂತ ಅಳೆದುಕೊಡುವುದು ಮೂರನೆಯದು. ಮೊದಲ ಎರಡನ್ನು ಎಲ್ಲಾ ಲಿವರ್‌ಗಳೂ ಮಾಡುತ್ತವೆ. ಮೂರನೆಯದನ್ನು ಮಾಡುವುದು ಕೆಲವು ಮಾತ್ರ. ನಿಮ್ಮ ಲಿವರ್ ಈ ಮೂರರಲ್ಲಿ ಯಾವುದನ್ನು ಬಿಟ್ಟಿದೆ ಅಂತ ಮೊದಲು ನೋಡಿಕೊಳ್ಳಿ. ರಿಪೇರಿ ಪೂರ್ತಿ ಅದರ ಮೇಲೆ ನಿಂತಿದೆ.

## ಟಿಕ್ ಅನ್ನುವ ಲಿವರ್, ಅನ್ನದ ಲಿವರ್

ಹಳೆಯ ಲಿವರ್‌ಗಳಲ್ಲಿ ಟಿಕ್ ಸದ್ದು ಇರಲಿಲ್ಲ. ವಾಶರ್‌ಗಳ ನಡುವೆ ಲಿವರನ್ನು ಒತ್ತಿ ಹಿಡಿದಿರುತ್ತಿದ್ದರು. ಆ ಒತ್ತುವಿಕೆಯ ತಿಕ್ಕಾಟಕ್ಕೇ ಲಿವರ್ ನಿಂತಲ್ಲಿ ನಿಲ್ಲುತ್ತಿತ್ತು. ಗೇರ್ ಎಲ್ಲಿ ಕೂತಿತು ಅನ್ನುವುದನ್ನು ಓಡಿಸುವವರೇ ಚೈನಿನ ಸದ್ದು ಕೇಳಿ ಗೊತ್ತು ಮಾಡಿಕೊಳ್ಳಬೇಕಿತ್ತು. ಇದಕ್ಕೆ ಫ್ರಿಕ್ಷನ್ ಶಿಫ್ಟರ್ ಅಂತ ಹೆಸರು.

ಜಪಾನಿನ ಶಿಮಾನೊ ಕಂಪನಿ 1984ರಲ್ಲಿ ತನ್ನ ರೇಸ್ ಸೈಕಲ್ಲಿನ ಡುರಾ-ಏಸ್ ಸೆಟ್ಟಿನಲ್ಲಿ ಎಸ್ಐಎಸ್ (ಶಿಮಾನೊ ಇಂಡೆಕ್ಸ್ ಸಿಸ್ಟಮ್) ಅನ್ನುವ ವ್ಯವಸ್ಥೆ ತಂದಿತು. ಲಿವರ್ ಒಳಗೆ ಹಲ್ಲು ಕಡಿದ ತಟ್ಟೆ ಇಟ್ಟು, ಒಂದೊಂದು ಹಲ್ಲಿಗೆ ಒಂದೊಂದು ಟಿಕ್, ಒಂದು ಟಿಕ್‌ಗೆ ಒಂದು ಗೇರ್ ಅಂತ ಮಾಡಿದರು. ಇದು ಇಂಡೆಕ್ಸ್ ಶಿಫ್ಟರ್. ಕೆಲವೇ ವರ್ಷಗಳಲ್ಲಿ ಕಡಿಮೆ ಬೆಲೆಯ ಸೈಕಲ್‌ಗಳಿಗೂ ಇದೇ ಬಂತು.

ಧಾರವಾಡ, ಗದಗಿನವರಿಗೆ ಇದನ್ನು ಸಂಗೀತದ ಮೂಲಕ ಹೇಳಿದರೆ ಬೇಗ ತಿಳಿಯುತ್ತದೆ. ಫ್ರಿಕ್ಷನ್ ಲಿವರ್ ಅಂದರೆ ಪಿಟೀಲು, ಇಂಡೆಕ್ಸ್ ಲಿವರ್ ಅಂದರೆ ಹಾರ್ಮೋನಿಯಂ. ಪಿಟೀಲಿನಲ್ಲಿ ಸ್ವರದ ಜಾಗವನ್ನು ಬೆರಳು ಮತ್ತು ಕಿವಿ ಸೇರಿ ಹುಡುಕಬೇಕು. ಹಾರ್ಮೋನಿಯಂನಲ್ಲಿ ಮನೆ ಒತ್ತಿದರೆ ಸ್ವರ ಬಂತು. ಆದರೆ ಹಾರ್ಮೋನಿಯಂ ಶ್ರುತಿ ತಪ್ಪಿದರೆ ನುಡಿಸುವವರ ಬೆರಳಿಂದ ಅದನ್ನು ಸರಿ ಮಾಡಲು ಆಗುವುದಿಲ್ಲ. ಪಿಟೀಲಿನಲ್ಲಿ ಬೆರಳು ಕೂದಲೆಳೆಯಷ್ಟು ಸರಿಸಿದರೆ ಆಯಿತು. ಹಳೇ ಸೈಕಲ್ಲಿನಲ್ಲಿ ಫ್ರೀವೀಲ್ ಸವೆದಿರಲಿ, ಡಿರೇಲರ್ ಸ್ವಲ್ಪ ಬಾಗಿರಲಿ, ಫ್ರಿಕ್ಷನ್ ಲಿವರ್ ನಡೆಸಿಕೊಂಡು ಹೋಗುತ್ತದೆ. ಇಂಡೆಕ್ಸ್ ಲಿವರ್ ನಡೆಸುವುದಿಲ್ಲ.

## ನಿಮ್ಮದು ಯಾವ ನಮೂನೆ?

ಫ್ರೇಮಿನ ಕೆಳಗಿನ ಕೊಳವೆಯ ಮೇಲೆ ಎರಡು ಪುಟ್ಟ ಲಿವರ್ ಇದ್ದರೆ ಅದು ಡೌನ್‌ಟ್ಯೂಬ್ ಶಿಫ್ಟರ್. ಹಳೇ ರೇಸ್ ಸೈಕಲ್ಲಿನದ್ದು, ಬಹುತೇಕ ಫ್ರಿಕ್ಷನ್. ಹ್ಯಾಂಡಲ್ ಮೇಲೆ ಹೆಬ್ಬೆರಳಿಗೆ ಸಿಗುವ ಹಾಗೆ ಒಂಟಿ ಲಿವರ್ ಇದ್ದರೆ ಥಂಬ್ ಶಿಫ್ಟರ್. ಇದರಲ್ಲಿ ಎರಡೂ ಜಾತಿ ಇವೆ. ಕೆಲವದರಲ್ಲಿ ನಡುವಿನ ಬಿಲ್ಲೆ ತಿರುಗಿಸಿದರೆ ಇಂಡೆಕ್ಸ್‌ನಿಂದ ಫ್ರಿಕ್ಷನ್‌ಗೆ ಬದಲಾಗುತ್ತದೆ. ಅಂಥದ್ದು ನಿಮ್ಮ ಹತ್ತಿರ ಇದ್ದರೆ ಅದೃಷ್ಟ. ಒಳಗಿನ ಹಲ್ಲು ಸವೆದಿದ್ದರೂ ಬಿಲ್ಲೆ ತಿರುಗಿಸಿ ಫ್ರಿಕ್ಷನ್‌ನಲ್ಲಿ ಓಡಿಸಬಹುದು.

ಹ್ಯಾಂಡಲ್ ಕೆಳಗೆ ಎರಡೆರಡು ಲಿವರ್ ಇದ್ದು, ಒಂದು ಎಳೆಯಲು ಇನ್ನೊಂದು ಬಿಡಲು ಇದ್ದರೆ ಅದು 1990ರ ಹೊತ್ತಿಗೆ ಬಂದ ರ‍್ಯಾಪಿಡ್‌ಫೈರ್ ನಮೂನೆ. ಪೂರ್ತಿ ಇಂಡೆಕ್ಸ್, ಒಳಗೆ ಬಹಳ ಚಿಕ್ಕ ಭಾಗಗಳು. ಹಿಡಿಕೆಯನ್ನೇ ತಿರುಚುವುದಾದರೆ ಗ್ರಿಪ್ ಶಿಫ್ಟ್. ಅಮೆರಿಕದ ಶಿಕಾಗೊದಲ್ಲಿ 1987ರಲ್ಲಿ ಶುರುವಾದ ಸ್ರ್ಯಾಮ್ ಕಂಪನಿ ಹೆಸರು ಮಾಡಿದ್ದು ಇದರಿಂದಲೇ. ಹಿಂದೆ ಹಲ್ಲಿನ ಚಕ್ರ ಒಂದೇ ಇದ್ದು, ಚಕ್ರದ ನಡುವಿನ ದಪ್ಪನೆಯ ಹಬ್ ಒಳಗಿಂದ ಪುಟ್ಟ ಸರಪಳಿ ಹೊರಗೆ ಬಂದಿದ್ದರೆ ಅದು ಬೇರೆಯದೇ ಕುಲ. ಅದಕ್ಕೆ ಕೊನೆಗೆ ಬರೋಣ.

## ನಿಜಕ್ಕೂ ಕಳೆದಿದೆಯೋ, ಗ್ರೀಸ್ ಗಟ್ಟಿಯಾಗಿದೆಯೋ?

ಲಿವರ್ ಒತ್ತಿದರೆ ಹಿಡಿತವೇ ಇಲ್ಲ, ಸುಮ್ನೆ ಹೋಗಿ ಬರುತ್ತದೆ. ಒಳಗೆ ಏನೋ ಮುರಿದಿದೆ ಅಥವಾ ಬಿದ್ದುಹೋಗಿದೆ ಅಂತ ಯಾರಿಗಾದರೂ ಅನ್ನಿಸುತ್ತದೆ. ಎರಡು ಲಿವರಿನ ನಮೂನೆಯಲ್ಲಿ ಬಹಳ ಸಲ ಏನೂ ಮುರಿದಿರುವುದಿಲ್ಲ. ಕಾರ್ಖಾನೆಯಲ್ಲಿ ಹಾಕಿದ ಗ್ರೀಸ್ ವರ್ಷಗಟ್ಟಲೆ ಸೆಕೆಗೆ, ಧೂಳಿಗೆ ಸಿಕ್ಕಿ ಮೇಣ ಆಗಿರುತ್ತದೆ.

ಒಳಗೆ ಹಲ್ಲಿನ ತಟ್ಟೆಯ ಜೊತೆ ಎರಡು ಪುಟ್ಟ ಕೊಕ್ಕೆಗಳಿವೆ. ಒಂದು ಹಲ್ಲನ್ನು ತಳ್ಳಿ ತಟ್ಟೆ ತಿರುಗಿಸುತ್ತದೆ. ಇನ್ನೊಂದು ತಿರುಗಿದ ತಟ್ಟೆ ವಾಪಸ್ ಬರದ ಹಾಗೆ ಹಿಡಿಯುತ್ತದೆ. ಎರಡನ್ನೂ ಹಲ್ಲಿಗೆ ಒತ್ತುವುದು ಕೂದಲಿಗಿಂತ ಸ್ವಲ್ಪ ದಪ್ಪದ ಸ್ಪ್ರಿಂಗ್. ಗ್ರೀಸ್ ಅಂಟಾದಾಗ ಕೊಕ್ಕೆ ಮೇಲೆದ್ದು ಅಲ್ಲೇ ನಿಲ್ಲುತ್ತದೆ. ಅಷ್ಟು ಸಣ್ಣ ಸ್ಪ್ರಿಂಗಿಗೆ ಅದನ್ನು ಕೆಳಗೆ ತಳ್ಳುವ ಶಕ್ತಿ ಸಾಲುವುದಿಲ್ಲ. ಲಿವರ್ ಖಾಲಿ ಓಡುತ್ತದೆ.

ಹಾಗಾಗಿ ಬಿಚ್ಚುವ ಮೊದಲು ತೊಳೆಯಿರಿ. ಕೇಬಲ್ ತೆಗೆದು, ಮೇಲಿನ ಮುಚ್ಚಳ ಮಾತ್ರ ಬಿಚ್ಚಿ. ಸಂದುಗಳಿಗೆ ಡಬ್ಲ್ಯೂಡಿ-40 ಹೊಡೆಯಿರಿ, ಅಥವಾ ಸ್ವಲ್ಪ ಸೀಮೆಎಣ್ಣೆ ಬಿಡಿ. ಎರಡೂ ಲಿವರನ್ನು ಒತ್ತುತ್ತಾ ಇರಿ. ಕಂದು ಬಣ್ಣದ ಕೊಳೆ ಇಳಿಯುತ್ತದೆ. ಒರೆಸಿ, ಮತ್ತೆ ಬಿಡಿ. ಒಂದೇ ಸಲಕ್ಕೆ ಆಗದಿದ್ದರೆ ರಾತ್ರಿ ನೆನೆಯಲು ಬಿಟ್ಟು ಬೆಳಿಗ್ಗೆ ಮುಂದುವರಿಸಿ. ಪೆಟ್ರೋಲ್, ಥಿನ್ನರ್ ಬೇಡ. ಬೆಂಕಿಯ ಅಪಾಯ ಒಂದು ಕಡೆ, ಪ್ಲಾಸ್ಟಿಕ್ ಹಾಳಾಗುವುದು ಇನ್ನೊಂದು ಕಡೆ. ಕೊಕ್ಕೆ ಟಕ್ ಅಂತ ಹಲ್ಲಿಗೆ ಬಿದ್ದ ಸದ್ದು ಕೇಳಿದರೆ ಚೆನ್ನಾಗಿ ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಹಾಕಿ. ದಪ್ಪ ಗ್ರೀಸ್ ಮತ್ತೆ ತುಂಬಿದರೆ ಮತ್ತೆ ಅದೇ ಕಥೆ.

ಗ್ರಿಪ್ ಶಿಫ್ಟ್‌ಗೆ ಈ ವಿಧಾನ ಬೇಡ. ಅದರ ಮೈಯೆಲ್ಲ ಪ್ಲಾಸ್ಟಿಕ್. ಸೋಪಿನ ನೀರಿನಲ್ಲಿ ತೊಳೆದು, ಒಣಗಿಸಿ, ಸಿಲಿಕೋನ್ ಗ್ರೀಸ್ ಹಚ್ಚಿ. ಅದರ ಟಿಕ್ ಸದ್ದು ಬರುವುದು ಒಳಗಿನ ಒಂದು ಬಾಗಿದ ಪುಟ್ಟ ಲೋಹದ ಪಟ್ಟಿಯಿಂದ. ತೊಳೆಯುವ ನೀರಿನ ಜೊತೆ ಅದು ಹೋಗದ ಹಾಗೆ ನೋಡಿಕೊಳ್ಳಿ.

## ಬಿಚ್ಚುವ ಮೊದಲು

ಹಳೇ ಲಿವರಿನ ಭಾಗಗಳು ರಸ್ತೆಯಲ್ಲಿ ಬಿದ್ದು ಕಳೆಯುವುದಕ್ಕಿಂತ ಬಿಚ್ಚುವಾಗ ಕಳೆಯುವುದೇ ಜಾಸ್ತಿ. ಸ್ಪ್ರಿಂಗ್ ಹಾರುತ್ತದೆ, ವಾಶರ್ ಗ್ರೀಸಿಗೆ ಅಂಟಿಕೊಂಡು ಬಟ್ಟೆಯ ಜೊತೆ ಹೋಗುತ್ತದೆ. ದೊಡ್ಡ ಬಿಳಿ ಬಟ್ಟೆ ಹಾಸಿಕೊಂಡು ಕೂರಿ. ಒಂದೊಂದು ಭಾಗ ತೆಗೆಯುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ತೆಗೆದ ಕ್ರಮದಲ್ಲೇ ಸಾಲಾಗಿ ಇಡಿ.

ಎಡ ಮತ್ತು ಬಲದ ಲಿವರನ್ನು ಒಟ್ಟಿಗೆ ಬಿಚ್ಚಲೇಬೇಡಿ. ಬಲಗಡೆಯದರಲ್ಲಿ ಏನು ಕಳೆದಿದೆ ಅಂತ ತಿಳಿಯಲು ಎಡಗಡೆಯದೇ ನಿಮ್ಮ ಹತ್ತಿರ ಇರುವ ನಕ್ಷೆ. ಹಲ್ಲಿನ ತಟ್ಟೆ ಎರಡರಲ್ಲೂ ಬೇರೆ ಬೇರೆ, ಏಕೆಂದರೆ ಎಡದ್ದು ಮುಂದೆ ಪೆಡಲ್ ಹತ್ತಿರ ಇರುವ ಎರಡು ಮೂರು ಹಲ್ಲಿನ ಚಕ್ರಕ್ಕೆ, ಬಲದ್ದು ಹಿಂದಿನ ಆರೇಳು ಚಕ್ರಕ್ಕೆ. ಆದರೆ ಬೋಲ್ಟು, ವಾಶರು, ಮುಚ್ಚಳ, ಪಟ್ಟಿ ಬಹುತೇಕ ಒಂದೇ ಅಳತೆ. ಸ್ಪ್ರಿಂಗ್ ಮಾತ್ರ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಸುತ್ತಿರುತ್ತದೆ.

## ಕಳೆದದ್ದನ್ನು ಊರಲ್ಲೇ ಮಾಡಿಸುವುದು

ಬೋಲ್ಟಿನಿಂದ ಶುರು ಮಾಡೋಣ, ಅದು ಸುಲಭ. ಡೌನ್‌ಟ್ಯೂಬ್ ಲಿವರನ್ನು ಹಿಡಿಯುವ ಬೋಲ್ಟು ಸಾಮಾನ್ಯವಾಗಿ 5 ಮಿ.ಮೀ. ದಪ್ಪ, 0.8 ಮಿ.ಮೀ. ಪಿಚ್ (ಬೋಲ್ಟಿನ ಸುರುಳಿ ಗೆರೆಗಳ ನಡುವಿನ ದೂರ). ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಮಾಮೂಲಿ ಅಳತೆ. ಮೂಲ ಬೋಲ್ಟಿನ ತಲೆಗೆ ಬೆರಳಿಂದ ತಿರುಗಿಸುವ ಉಂಗುರ ಇರುತ್ತದೆ, ಹೊಸದಕ್ಕೆ ಇರುವುದಿಲ್ಲ, ಕೆಲಸಕ್ಕೆ ಅಡ್ಡಿಯಿಲ್ಲ. ಹಳೇ ಯುರೋಪಿನ ಸೈಕಲ್ಲುಗಳಲ್ಲಿ ಆಟೆ, ಅಂದರೆ ಆ ಸುರುಳಿ ಗೆರೆ, ಬೇರೆ ಇರಬಹುದು. ಬೆರಳಿಂದಲೇ ಮೂರು ನಾಲ್ಕು ಸುತ್ತು ಸಲೀಸಾಗಿ ಹೋದರೆ ಮಾತ್ರ ಪಾನಾ ಹಾಕಿ. ಒತ್ತಾಯ ಮಾಡಿದರೆ ಒಳಗಿನ ಆಟೆ ಹೋಗುತ್ತದೆ, ಆಮೇಲೆ ಫ್ರೇಮಿನ ಕೆಲಸವೇ ಬೀಳುತ್ತದೆ.

ವಾಶರಿನ ವಿಷಯ ಇಷ್ಟು ಸರಳವಲ್ಲ. "ಎಷ್ಟು ಬಿಗಿ ಮಾಡಿದ್ರೂ ಲಿವರ್ ಮತ್ತ ಸಡ್ಲ ಆಗ್ತದ" ಅನ್ನುವ ದೂರು ಬಹಳ. ಕಾರಣ ಬೋಲ್ಟಲ್ಲ. ಲಿವರ್ ಕೂರುವ ಗೂಟ ಪೂರ್ತಿ ದುಂಡಗಿರುವುದಿಲ್ಲ, ಅದರ ಎರಡು ಬದಿ ಚಪ್ಪಟೆ. ಅದಕ್ಕೆ ಸರಿಯಾಗಿ ತೂತು ಕೂಡ ಎರಡು ಬದಿ ಚಪ್ಪಟೆ ಇರುವ ಒಂದು ವಾಶರ್ ಇರುತ್ತದೆ. ಅದು ತಿರುಗಲಾರದು. ಲಿವರ್ ತಿರುಗಿದಾಗ ಬೋಲ್ಟು ಅದರ ಜೊತೆ ತಿರುಗದ ಹಾಗೆ ನಡುವೆ ನಿಂತು ತಡೆಯುವುದು ಅದೇ. ಅದು ಕಳೆದು, ಅದರ ಜಾಗದಲ್ಲಿ ಯಾರೋ ದುಂಡು ತೂತಿನ ವಾಶರ್ ಹಾಕಿದ್ದರೆ, ನೀವು ಲಿವರ್ ಒಂದು ಕಡೆ ತಳ್ಳಿದಾಗಲೆಲ್ಲ ಬೋಲ್ಟು ಸ್ವಲ್ಪ ಸಡಿಲವಾಗುತ್ತದೆ.

ಇದನ್ನು ಮಾಡಿಸುವುದು ಕಷ್ಟವಲ್ಲ. ಉಳಿದಿರುವ ಇನ್ನೊಂದು ಲಿವರಿನ ವಾಶರನ್ನು ಅಳತೆಗೆ ಕೊಡಿ. ಹುಬ್ಬಳ್ಳಿಯ ಗೋಕುಲ ರೋಡಿನ ಇಂಡಸ್ಟ್ರಿಯಲ್ ಎಸ್ಟೇಟಿನಂಥ ಕಡೆ ಲೇತ್ ಕೆಲಸದವರು ಉಕ್ಕಿನ ತಗಡಿನಿಂದ ಕತ್ತರಿಸಿಕೊಡುತ್ತಾರೆ. ತಾಳ್ಮೆ ಇದ್ದರೆ ಮನೆಯಲ್ಲೇ ಸಣ್ಣ ತೂತಿನ ವಾಶರ್ ತಂದು, ಅರದಿಂದ ಎರಡು ಬದಿ ಉಜ್ಜಿ ಹೊಂದಿಸಬಹುದು. ಉಜ್ಜುವಾಗ ಪದೇ ಪದೇ ಗೂಟಕ್ಕೆ ಹಾಕಿ ನೋಡಿ. ಅಲ್ಲಾಡುವಷ್ಟು ಸಡಿಲವಾದರೆ ಅದು ದುಂಡು ವಾಶರಿಗೆ ಸಮ.

ಲಿವರ್ ಪಕ್ಕಕ್ಕೆ ಇನ್ನೊಂದು ಮೆತ್ತನೆ ವಾಶರ್ ಇರುತ್ತದೆ, ಪ್ಲಾಸ್ಟಿಕ್ ಅಥವಾ ಫೈಬರಿನದ್ದು. ಲಿವರ್ ಸಲೀಸಾಗಿ ತಿರುಗಬೇಕು, ಆದರೂ ನಿಲ್ಲಬೇಕು. ಅದನ್ನು ನೋಡಿಕೊಳ್ಳುವುದು ಇದು. ನಲ್ಲಿಗೆ ಹಾಕುವ ಫೈಬರ್ ವಾಶರ್ ಹೊಂದಬಹುದು. ಖಾಲಿ ಆಯಿಲ್ ಕ್ಯಾನಿನ ಗಟ್ಟಿ ಪ್ಲಾಸ್ಟಿಕ್ ಕತ್ತರಿಸಿದರೂ ನಡೆಯುತ್ತದೆ. ಈ ಜಾಗಕ್ಕೆ ಎಣ್ಣೆ ಬಿಡಬೇಡಿ. ತಿಕ್ಕಾಟದಿಂದಲೇ ನಿಲ್ಲುವ ಲಿವರಿಗೆ ಎಣ್ಣೆ ಬಿದ್ದರೆ, ಏರಿನಲ್ಲಿ ಜೋರಾಗಿ ತುಳಿಯುವಾಗ ಗೇರ್ ತಾನೇ ಬಿಟ್ಟುಕೊಳ್ಳುತ್ತದೆ.

ಇನ್ನು ಸ್ಪ್ರಿಂಗ್. ಇದಕ್ಕೆ ಕಟ್ಟುವ ತಂತಿ, ಜಿಐ ತಂತಿ ಆಗುವುದಿಲ್ಲ. ಬಾಗಿಸಿದರೆ ಬಾಗಿಯೇ ಇರುತ್ತವೆ, ವಾಪಸ್ ಬರುವುದಿಲ್ಲ. ಬೇಕಾದದ್ದು ಸ್ಪ್ರಿಂಗ್ ಗುಣ ಇರುವ ಉಕ್ಕಿನ ತಂತಿ. ಅದು ನಮ್ಮ ಕಡೆ ಸಂಗೀತ ವಾದ್ಯಗಳ ಅಂಗಡಿಯಲ್ಲಿ ಸಿಗುತ್ತದೆ. ಸಿತಾರ್ ರತ್ನ ರಹಿಮತ್ ಖಾನರು ಬಂದು ನೆಲೆಸಿದ ಧಾರವಾಡದಲ್ಲಿ ಸಿತಾರಿನ ಉಕ್ಕಿನ ತಂತಿ ಕೇಳಿದರೆ ಯಾರೂ ಅಚ್ಚರಿಪಡುವುದಿಲ್ಲ. ಗಿಟಾರ್ ತಂತಿಯಲ್ಲಿ ಇನ್ನೊಂದು ಅನುಕೂಲ ಇದೆ. ಪಾಕೀಟಿನ ಮೇಲೆ ದಪ್ಪವನ್ನು ಇಂಚಿನ ಸಾವಿರದ ಲೆಕ್ಕದಲ್ಲಿ ಬರೆದಿರುತ್ತಾರೆ. 12 ಅಂದರೆ ಸುಮಾರು 0.3 ಮಿ.ಮೀ., 16 ಅಂದರೆ ಸುಮಾರು 0.4 ಮಿ.ಮೀ. ಮೇಲೆ ಸುತ್ತಿದ ದಪ್ಪ ತಂತಿ ಬೇಡ, ನುಣುಪಾದ ಒಂಟಿ ತಂತಿ ತಗೊಳ್ಳಿ.

ದಪ್ಪದಲ್ಲಿ ಅಂದಾಜು ಮಾಡಬೇಡಿ. ಸ್ಪ್ರಿಂಗಿನ ಬಿಗಿ ತಂತಿಯ ದಪ್ಪದ ನಾಲ್ಕನೇ ಘಾತದ ಲೆಕ್ಕದಲ್ಲಿ ಏರುತ್ತದೆ. 0.3ರ ಬದಲು 0.4 ಮಿ.ಮೀ. ಹಾಕಿದರೆ ಸ್ಪ್ರಿಂಗ್ ಮೂರು ಪಟ್ಟಿಗಿಂತ ಜಾಸ್ತಿ ಬಿಗಿ. ಕೊಕ್ಕೆ ಹಲ್ಲಿಗೆ ಕಚ್ಚಿಕೊಂಡು ಮೇಲೇಳುವುದೇ ಇಲ್ಲ. ಎಡ ಲಿವರಿನ ಸ್ಪ್ರಿಂಗ್ ನೋಡಿ ತಂತಿಯ ದಪ್ಪ, ಒಳಗಿನ ಅಗಲ, ಸುತ್ತುಗಳ ಸಂಖ್ಯೆ, ಎರಡು ಕಾಲುಗಳ ಉದ್ದ ಇಷ್ಟನ್ನೂ ಬರೆದುಕೊಳ್ಳಿ. ಡ್ರಿಲ್ ಬಿಟ್ಟಿನ ನುಣುಪು ಹಿಡಿಯ ಮೇಲೆ ತಂತಿ ಬಿಗಿಯಾಗಿ ಎಳೆದು ಸುತ್ತಿ. ಕೈ ಬಿಟ್ಟ ಕೂಡಲೇ ಸುರುಳಿ ಸ್ವಲ್ಪ ಬಿಚ್ಚಿಕೊಂಡು ಅಗಲವಾಗುತ್ತದೆ. ಹಾಗಾಗಿ ಬೇಕಾದ ಅಗಲಕ್ಕಿಂತ ಸಣ್ಣ ಬಿಟ್ ಆರಿಸಿಕೊಳ್ಳಿ. ಮೊದಲನೆಯದು ಸರಿ ಬರದೇ ಇರಬಹುದು, ತಂತಿ ಉದ್ದ ಇದೆ, ಮತ್ತೆ ಸುತ್ತಿ. ಕಾಲುಗಳನ್ನು ಇಕ್ಕಳದಿಂದ ತಣ್ಣಗೇ ಬಗ್ಗಿಸಿ. ಬೆಂಕಿಯಲ್ಲಿ ಕೆಂಪಗೆ ಕಾಯಿಸಿದರೆ ಸ್ಪ್ರಿಂಗ್ ಗುಣ ಹೊರಟುಹೋಗುತ್ತದೆ. ಕೆಲಸ ಮಾಡುವಾಗ ಕನ್ನಡಕ ಹಾಕಿಕೊಳ್ಳಿ, ತುಂಡಾದ ತಂತಿ ಸೀದಾ ಕಣ್ಣಿಗೆ ಹಾರುತ್ತದೆ.

ಹ್ಯಾಂಡಲಿಗೆ ಹಿಡಿಯುವ ಪಟ್ಟಿ ಮುರಿದಿದ್ದರೆ ಅಳತೆ ನೆನಪಿಡಿ. ನೇರ ಹ್ಯಾಂಡಲಿನಲ್ಲಿ ಲಿವರ್ ಕೂರುವ ಜಾಗ 22.2 ಮಿ.ಮೀ., ಬಾಗಿದ ರೇಸ್ ಹ್ಯಾಂಡಲಿನದು 23.8 ಮಿ.ಮೀ. ಹಳೇ ಉಕ್ಕಿನ ಫ್ರೇಮಿನ ಕೆಳಗಿನ ಕೊಳವೆ ಸಾಮಾನ್ಯವಾಗಿ 28.6 ಮಿ.ಮೀ. ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಲಿವರಿನ ರಬ್ಬರ್ ಟೊಪ್ಪಿಗೆ ಹೋಗಿದ್ದರೆ ಎಲೆಕ್ಟ್ರಿಕ್ ಅಂಗಡಿಯ ಹೀಟ್ ಶ್ರಿಂಕ್ ಕೊಳವೆ (ಬಿಸಿ ತಾಗಿಸಿದರೆ ಕುಗ್ಗಿ ಬಿಗಿಯಾಗುವಂಥದ್ದು) ಸಾಕು. ಮೇಲಿನ ಮುಚ್ಚಳವನ್ನು ಇಂಜಿನಿಯರಿಂಗ್ ಓದುವ ಹುಡುಗರಿಂದ 3ಡಿ ಪ್ರಿಂಟ್ ಮಾಡಿಸಬಹುದು. ಮುಚ್ಚಳ ಇಲ್ಲದಿದ್ದರೂ ಲಿವರ್ ಓಡುತ್ತದೆ, ಆದರೆ ನಮ್ಮ ಧೂಳಿಗೆ ಒಂದೇ ಬೇಸಿಗೆ ಸಾಕು, ಒಳಗೆಲ್ಲ ತುಂಬಿಕೊಳ್ಳುತ್ತದೆ.

## ಮಾಡಿಸಲು ಆಗದ ಭಾಗ

ಅದು ಇಂಡೆಕ್ಸ್ ಲಿವರಿನ ಹಲ್ಲಿನ ತಟ್ಟೆ. ಶಿಮಾನೊದ ಏಳು ಗೇರಿನ ವ್ಯವಸ್ಥೆಯಲ್ಲಿ ಒಂದು ಟಿಕ್‌ಗೆ ಕೇಬಲ್ ಎಳೆಯುವುದು ಸುಮಾರು 2.9 ಮಿ.ಮೀ. ಡಿರೇಲರ್ ಅದನ್ನು ಸುಮಾರು 1.7 ಪಟ್ಟು ಮಾಡಿ, ಹಿಂದೆ 5 ಮಿ.ಮೀ. ಸರಿಯುತ್ತದೆ. ಎರಡು ಹಲ್ಲಿನ ಚಕ್ರಗಳ ನಡುವಿನ ದೂರವೂ ಅಷ್ಟೇ. ತಟ್ಟೆಯ ಒಂದು ಹಲ್ಲಿನಲ್ಲಿ ಕೇಬಲ್ ಅರ್ಧ ಮಿಲಿಮೀಟರ್ ಹೆಚ್ಚುಕಮ್ಮಿಯಾದರೆ ಹಿಂದೆ ಸುಮಾರು 0.85 ಮಿ.ಮೀ. ತಪ್ಪುತ್ತದೆ. ಚೈನು ಪಕ್ಕದ ಚಕ್ರಕ್ಕೆ ಉಜ್ಜುತ್ತಾ ಕಟಕಟ ಅನ್ನುತ್ತದೆ. ಕೈಯಲ್ಲಿ ಅರ ಹಾಕಿ ಈ ನಿಖರತೆ ತರಲು ಆಗುವುದಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಪ್ರಿಂಟ್ ಮಾಡಿಸಿದರೂ ಕೊಕ್ಕೆಯ ಹೊಡೆತಕ್ಕೆ ಬೇಗ ಸವೆಯುತ್ತದೆ.

ಇಲ್ಲಿ ದಾರಿ ಎರಡು. ಗುಜರಿಯಲ್ಲಿ ಅದೇ ನಮೂನೆಯ ಕೆಟ್ಟ ಲಿವರ್ ಸಿಕ್ಕರೆ ಎರಡನ್ನು ಸೇರಿಸಿ ಒಂದು ಮಾಡಬಹುದು. ಫ್ರೀವೀಲಿನ ಚಕ್ರ ಎಷ್ಟಿವೆಯೋ ಅಷ್ಟೇ ಟಿಕ್ ಇರುವ ಲಿವರ್ ಆಗಬೇಕು, ಕಂಪನಿಯೂ ಒಂದೇ ಆಗಿರಬೇಕು. ಸಿಗದಿದ್ದರೆ ಮೂರನೇ ಕೆಲಸ, ಅಂದರೆ ಅಳೆಯುವ ಕೆಲಸ, ಬಿಟ್ಟುಕೊಡಿ. ಬಲಗಡೆಗೆ ಒಂದು ಫ್ರಿಕ್ಷನ್ ಲಿವರ್ ಹಾಕಿ. ಐದು, ಆರು, ಏಳು ಚಕ್ರಗಳ ಯಾವ ಫ್ರೀವೀಲಿಗಾದರೂ, ಯಾವ ಕಂಪನಿಯ ಡಿರೇಲರಿಗಾದರೂ ಅದು ಹೊಂದುತ್ತದೆ. ತೈವಾನಿನ ಸನ್‌ರೇಸ್, ಮೈಕ್ರೋಶಿಫ್ಟ್ ಕಂಪನಿಗಳು ಫ್ರಿಕ್ಷನ್‌ನಲ್ಲಿ ಓಡುವ ಥಂಬ್ ಲಿವರ್ ಹೊಸದಾಗಿಯೇ ಮಾಡುತ್ತವೆ. ಹಳೇ ಸೈಕಲ್ಲಿಗೆ ಇದು ರಾಜಿ ಅಂತ ನನಗೆ ಅನ್ನಿಸುವುದಿಲ್ಲ. ಕೈಗೆ ರೂಢಿಯಾಗಲು ಸ್ವಲ್ಪ ದಿನ ಬೇಕು ಅಷ್ಟೇ, ಆಮೇಲೆ ವರ್ಷಗಟ್ಟಲೆ ತೊಂದರೆ ಕೊಡುವುದಿಲ್ಲ. ಕಳೆದದ್ದು ಎಡಗಡೆಯ ತಟ್ಟೆಯಾದರೆ ಯೋಚನೆಯೇ ಬೇಡ. ಮುಂದೆ ಇರುವುದೇ ಎರಡು ಮೂರು ಚಕ್ರ, ಫ್ರಿಕ್ಷನ್ ಸಾಕು.

## ಮೂರು ಗೇರಿನ ಹಳೇ ಇಂಗ್ಲಿಷ್ ಸೈಕಲ್

ಅಜ್ಜನ ಕಾಲದ ರ‍್ಯಾಲೆ ಸೈಕಲ್ ಇದ್ದವರ ಮನೆಯಲ್ಲಿ ಸ್ಟರ್ಮಿ-ಆರ್ಚರ್ ಹಬ್ ಇರಬಹುದು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ 1902ರಲ್ಲಿ ಶುರುವಾದ ಕಂಪನಿ ಅದು. ಅದರ ಎಡಬ್ಲ್ಯೂ ಅನ್ನುವ ಮೂರು ಗೇರಿನ ಹಬ್ 1936ರಲ್ಲಿ ಬಂತು. ಇದರಲ್ಲಿ ಡಿರೇಲರ್ ಇಲ್ಲ, ಹಲ್ಲಿನ ಚಕ್ರಗಳೆಲ್ಲ ಹಬ್ ಒಳಗೆ. ನಡುವಿನ ಗೇರ್ ನೇರ ಓಟ. ಹಗುರದ ಗೇರಿನಲ್ಲಿ ಚಕ್ರ ಅದರ ಮುಕ್ಕಾಲು ಪಾಲು ತಿರುಗುತ್ತದೆ, ಭಾರದ್ದರಲ್ಲಿ ಮೂರನೇ ಒಂದು ಪಾಲು ಜಾಸ್ತಿ.

ಹ್ಯಾಂಡಲ್ ಮೇಲಿನ ಇದರ ಟ್ರಿಗರನ್ನು, ಅಂದರೆ ಗೇರ್ ಲಿವರನ್ನು, ರಿವೆಟ್ ಹೊಡೆದು ಮುಚ್ಚಿರುತ್ತಾರೆ, ಬಿಚ್ಚಲು ಹೋಗಬೇಡಿ. ಮೇಲೆ ಹೇಳಿದ ಹಾಗೆ ತೊಳೆದರೆ ಬಹುತೇಕ ಬದುಕುತ್ತದೆ. ಟ್ರಿಗರೇ ಕಳೆದಿದ್ದರೂ ನಿರಾಶೆ ಬೇಡ. ಸ್ಟರ್ಮಿ-ಆರ್ಚರ್ ಹೆಸರು 2000ದಲ್ಲಿ ತೈವಾನಿನ ಸನ್‌ರೇಸ್ ಕೈಗೆ ಹೋಯಿತು, ಹಳೇ ಎಡಬ್ಲ್ಯೂ ಹಬ್ಬಿಗೆ ಹೊಂದುವ ಟ್ರಿಗರ್ ಈಗಲೂ ಬರುತ್ತದೆ.

ಜೋಡಿಸುವಾಗ ಒಂದು ಎಚ್ಚರ ಬೇಕು. ಹಳೇ ಎಡಬ್ಲ್ಯೂ ಹಬ್ಬಿನಲ್ಲಿ ಎರಡನೇ ಮತ್ತು ಮೂರನೇ ಗೇರಿನ ನಡುವೆ ಯಾವ ಗೇರೂ ಇಲ್ಲದ ಒಂದು ಜಾಗ ಇದೆ. ಕೇಬಲ್ ಅಳತೆ ತಪ್ಪಿದ್ದರೆ, ನಿಂತು ತುಳಿಯುವಾಗ ಪೆಡಲ್ ತಟ್ಟನೆ ಖಾಲಿ ತಿರುಗಿ ಬಿದ್ದುಬಿಡುತ್ತೀರಿ. ಹಾಗಾಗಿ ಟ್ರಿಗರನ್ನು ನಡುವಿನ ಗೇರಿಗೆ ಇಟ್ಟು, ಬಲಗಡೆ ಅಚ್ಚಿನ ನಟ್ಟಿನಲ್ಲಿರುವ ಕಿಂಡಿಯಲ್ಲಿ ನೋಡಿ. ಸರಪಳಿ ಸೇರುವ ಸಲಾಕೆಯ ಮೆಟ್ಟಿಲು ಅಚ್ಚಿನ ತುದಿಗೆ ಸಮ ಇರಬೇಕು. ಸಮ ಬರುವವರೆಗೆ ಸರಪಳಿಯ ತುದಿಯ ತಿರುಪು ತಿರುಗಿಸಿ.

## ಕೇಬಲ್ ವಿಷಯದಲ್ಲಿ ಉಳಿತಾಯ ಬೇಡ

ಲಿವರ್ ಸರಿಯಾದರೂ ಗೇರ್ ಸರಿ ಬೀಳದಿರಲು ದೊಡ್ಡ ಕಾರಣ ಹಳೇ ಕೇಬಲ್. ಗೇರಿನ ಒಳ ತಂತಿ 1.1 ಅಥವಾ 1.2 ಮಿ.ಮೀ., ಬ್ರೇಕಿನದು 1.5ರ ಮೇಲೆ. ಬ್ರೇಕ್ ತಂತಿಯ ತಲೆ ಉಜ್ಜಿ ಗೇರಿಗೆ ಹಾಕುವುದು ಬೇಡ, ದಪ್ಪಕ್ಕೆ ಸಲೀಸಾಗಿ ಓಡುವುದಿಲ್ಲ.

ಹೊರಗಿನ ಕವಚದಲ್ಲೂ ವ್ಯತ್ಯಾಸ ಇದೆ. ಬ್ರೇಕಿನ ಕವಚದೊಳಗೆ ತಂತಿ ಸುರುಳಿ ಸುತ್ತಿರುತ್ತದೆ. ಇಂಡೆಕ್ಸ್ ಗೇರಿನ ಕವಚದಲ್ಲಿ ತಂತಿಗಳು ಉದ್ದಕ್ಕೆ ಮಲಗಿರುತ್ತವೆ. ಸುರುಳಿ ಕವಚ ಎಳೆದಾಗ ಸ್ವಲ್ಪ ಕುಗ್ಗುತ್ತದೆ, ಇಂಡೆಕ್ಸ್ ಲಿವರಿನ ಅಳತೆ ಅಲ್ಲಿಗೆ ಕೆಟ್ಟಿತು. ಫ್ರಿಕ್ಷನ್ ಲಿವರಿಗೆ ಇದು ಅಷ್ಟು ತೊಂದರೆಯಲ್ಲ. ಆದರೆ ಗೇರಿನ ಕವಚವನ್ನು ಬ್ರೇಕಿಗೆ ಎಂದೂ ಹಾಕಬೇಡಿ. ಜೋರಾಗಿ ಬ್ರೇಕ್ ಹಿಡಿದಾಗ ಉದ್ದದ ತಂತಿಗಳು ಕವಚ ಸೀಳಿಕೊಂಡು ಹೊರಬರಬಹುದು, ಬ್ರೇಕೇ ಇಲ್ಲವಾಗುತ್ತದೆ.

## ಜೋಡಿಸಿದ ಮೇಲೆ

ರಸ್ತೆಗೆ ಇಳಿಯುವ ಮೊದಲು ಹಿಂದಿನ ಚಕ್ರ ಎತ್ತಿ ನಿಲ್ಲಿಸಿ, ಪೆಡಲನ್ನು ಕೈಯಲ್ಲಿ ತಿರುಗಿಸುತ್ತಾ ಎಲ್ಲಾ ಗೇರ್ ಹಾಕಿ ನೋಡಿ. ಡಿರೇಲರಿನಲ್ಲಿ ಎಚ್ ಮತ್ತು ಎಲ್ ಅಕ್ಷರ ಇರುವ ಎರಡು ಸ್ಕ್ರೂ ಇವೆ. ಎಚ್ ಸ್ಕ್ರೂ ಚೈನು ಚಿಕ್ಕ ಚಕ್ರದ ಆಚೆ ಬೀಳದ ಹಾಗೆ ತಡೆಯುತ್ತದೆ, ಎಲ್ ಸ್ಕ್ರೂ ದೊಡ್ಡ ಚಕ್ರ ದಾಟಿ ಕಡ್ಡಿಗಳಿಗೆ ಹೋಗದ ಹಾಗೆ. ಫ್ರಿಕ್ಷನ್ ಲಿವರ್ ಹಾಕಿದವರು ಎಲ್ ಸ್ಕ್ರೂ ತಪ್ಪದೆ ನೋಡಬೇಕು. ಇಷ್ಟು ಸಾಕು ಅಂತ ನಿಲ್ಲಿಸುವ ಟಿಕ್ ಆ ಲಿವರಿಗೆ ಇಲ್ಲ. ಚೈನು ಕಡ್ಡಿಗೆ ಸಿಕ್ಕಿದರೆ ಡಿರೇಲರ್, ಕಡ್ಡಿ ಎರಡೂ ಹೋಗುತ್ತವೆ, ಓಡಿಸುವವರೂ ಬೀಳುತ್ತಾರೆ.

ಇಂಡೆಕ್ಸ್ ಲಿವರಾದರೆ ಪೂರ್ತಿ ಬಿಟ್ಟು, ಚೈನು ಅತಿ ಚಿಕ್ಕ ಚಕ್ರದ ಮೇಲಿರುವಾಗ ಕೇಬಲನ್ನು ಸಡಿಲ ಇಲ್ಲದ ಹಾಗೆ ಎಳೆದು ಬಿಗಿ ಮಾಡಿ. ಒಂದು ಟಿಕ್‌ಗೆ ಚೈನು ಎರಡನೇ ಚಕ್ರಕ್ಕೆ ಏರಬೇಕು. ಏರಲು ತಡ ಮಾಡಿದರೆ ಕೇಬಲ್ ಡಿರೇಲರಿಗೆ ಸೇರುವಲ್ಲಿರುವ ಸುತ್ತುವ ತಿರುಪನ್ನು ಗಡಿಯಾರದ ಮುಳ್ಳಿಗೆ ಎದುರಾಗಿ ಅರ್ಧ ಸುತ್ತು ತಿರುಗಿಸಿ. ಇಳಿಯಲು ತಡ ಮಾಡಿದರೆ ಮುಳ್ಳಿನ ದಿಕ್ಕಿಗೆ. ಹೊಸ ಕೇಬಲ್ ಮೊದಲ ಕೆಲವು ಓಟದಲ್ಲಿ ಕವಚದೊಳಗೆ ಕೂತುಕೊಂಡು ಸ್ವಲ್ಪ ಸಡಿಲವಾಗುತ್ತದೆ. ಆಗ ಇದೇ ತಿರುಪನ್ನು ಇನ್ನೊಮ್ಮೆ ತಿರುಗಿಸಬೇಕಾಗುತ್ತದೆ.